ಡಬ್ಬಿ ಅಕ್ಕನ ಒಳ್ಳೆ ಕೈ

ನಮ್ಮ ಅತ್ತಿಗೆಯನ್ನು ಮೈದಾನದಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಅಲ್ಲಿ ಅವರು ಡಬ್ಬಿ ಅಕ್ಕ. ಬಿಸ್ಕತ್ತು ತುಂಬಿ ಬಂದಿದ್ದ ದೊಡ್ಡ ತಗಡಿನ ಡಬ್ಬಿಗೆ ಹಳೆಯ ಬೆಲ್ಟು ಹೊಡೆಸಿ, ಅದನ್ನು ಹೆಗಲಿಗೆ ನೇತುಹಾಕಿಕೊಂಡು, ಹುಡುಗಿಯರ ಫುಟ್‌ಬಾಲ್ ತಂಡ ಆಡುವಲ್ಲೆಲ್ಲ ಅವರು ಹಾಜರು. ಡಬ್ಬಿಯೊಳಗೆ ಹತ್ತಿ, ಕ್ರೇಪ್ ಬ್ಯಾಂಡೇಜು, ಅಗಲ ಟೇಪು, ಕತ್ತರಿ, ಕೈ ತೂಗುಹಾಕಲು ತ್ರಿಕೋನದ ಬಟ್ಟೆ, ಜೊತೆಗೆ ಯಾರಾದರೂ ಅತ್ತರೆ ಕೊಡಲು ಪೆಪ್ಪರಮೆಂಟು. ಮುಚ್ಚಳ ಬಲು ಬಿಗಿ. ಬಲಗೈ ಹೆಬ್ಬೆರಳನ್ನು ಅಂಚಿನ ಕೆಳಗೆ ಕೊಟ್ಟು ಅತ್ತಿಗೆ ಒಮ್ಮೆ ಮೀಟಿದರೆ ಟಪ್ ಎಂದು ಬಿಚ್ಚಿಕೊಳ್ಳುತ್ತದೆ. ನಾನು ಸ್ಕ್ರೂಡ್ರೈವರ್ ಹಿಡಿದು ಗುದ್ದಾಡಿ ಸೋತಿದ್ದೇನೆ.

ನಾನು ಅವರ ನಾದಿನಿ. ಗಂಡನ ಮನೆ ಒಗ್ಗದೆ, ಒಂದು ಮಧ್ಯಾಹ್ನ ಹೊಲಿಗೆ ಮೆಷಿನ್ನಿನ ಸಮೇತ ಅಣ್ಣನ ಮನೆ ಬಾಗಿಲಲ್ಲಿ ಬಂದಿಳಿದವಳು. ಯಾಕೆ ಬಂದೆ, ಎಷ್ಟು ದಿನ ಇರುತ್ತೀಯ ಎಂದು ಅತ್ತಿಗೆ ಕೇಳಲಿಲ್ಲ. ಮೆಷಿನ್ನಿನ ಒಂದು ತುದಿ ತಾವು ಹಿಡಿದು, "ಮುಂದಿನ ಕೋಣೇಲಿ ಬೆಳಕು ಚೆನ್ನಾಗಿದೆ, ಅಲ್ಲೇ ಇಡೋಣ" ಎಂದರು. ಆ ಮೆಷಿನ್ನು ಇವತ್ತಿಗೂ ಅಲ್ಲೇ ಇದೆ, ನಾನೂ ಇದ್ದೇನೆ. ತಂಡದ ಜರ್ಸಿಗಳಿಗೆ ನಂಬರು ಹೊಲಿಯುವುದು ನನ್ನ ಪಾಲಿನ ಕೆಲಸ. ನನ್ನದು ಬಾಯಿ ಜೋರು. ಮನಸ್ಸಿಗೆ ಬಂದದ್ದನ್ನು ಹೇಳಿಬಿಡದಿದ್ದರೆ ತಿಂದ ಅನ್ನ ಕರಗುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಅದು ಅಭ್ಯಾಸವಾಗಿ, ಈಗ ಯಾರೂ ಕಿವಿಗೇ ಹಾಕಿಕೊಳ್ಳುವುದಿಲ್ಲ.

ಬೆಳಗಿನ ಹೊತ್ತು ಅತ್ತಿಗೆ ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿ ಪ್ಲಾಸ್ಟರ್ ಕೋಣೆ ನೋಡಿಕೊಳ್ಳುತ್ತಾರೆ. ಡಾಕ್ಟರು ಮೂಳೆ ಕೂರಿಸಿ ಹಿಡಿದುಕೊಂಡರೆ ಒದ್ದೆ ಪಟ್ಟಿ ಸುತ್ತುವುದು ಇವರು. ಅಲ್ಲಿಯ ಸುದ್ದಿಯನ್ನು ಮನೆಗೆ ತರುವವರಲ್ಲ. ಒಂದೇ ಒಂದು ಸಲ ತಂದಿದ್ದರು. ಗೋಡೆಗೆ ಬಣ್ಣ ಹೊಡೆಯುವ ಒಬ್ಬಾತ ಏಣಿಯಿಂದ ಜಾರಿ ಅಂಗೈ ಊರಿ ಬಿದ್ದಿದ್ದನಂತೆ. ಊತ ಅಷ್ಟಾಗಿ ಇಲ್ಲದ್ದರಿಂದ ಉಳುಕಿರಬೇಕು ಅಂದುಕೊಂಡು ತಿಂಗಳುಗಟ್ಟಲೆ ಸುಮ್ಮನಿದ್ದ. ಹೆಬ್ಬೆರಳನ್ನು ಮೇಲೆತ್ತಿದರೆ ಅದರ ಬುಡದಲ್ಲಿ, ಮಣಿಕಟ್ಟಿನ ಪಕ್ಕ, ಒಂದು ಸಣ್ಣ ಗುಳಿ ಬೀಳುತ್ತದಲ್ಲ, ಅದರ ತಳದಲ್ಲಿ ಗೋಡಂಬಿಯಂಥ ಒಂದು ಮೂಳೆ ಇದೆ. ಅದಕ್ಕೆ ರಕ್ತ ಹರಿಯುವುದೇ ಕಡಿಮೆ. ಮುರಿದರೆ ಕೂಡುವುದು ನಿಧಾನ, ಅಲುಗಾಡಿಸುತ್ತಾ ಹೋದರೆ ಕೂಡದೆಯೂ ಉಳಿಯಬಹುದು. ಆತ ಬರುವ ಹೊತ್ತಿಗೆ ಕಾಲ ಮಿಂಚಿತ್ತು.

"ಬ್ರಶ್ ಹಿಡಿಯೋಕಾಗ್ತಿಲ್ಲ ಅಕ್ಕ, ಅಂತ ನನ್ನ ಮುಖ ನೋಡ್ದ ಕಣೇ" ಎಂದು ಹೇಳುತ್ತಲೇ ಅತ್ತಿಗೆ ಊಟದ ತಟ್ಟೆಯ ಮುಂದೆ ಅತ್ತುಬಿಟ್ಟರು. ಅಣ್ಣ ಏನು ಮಾಡಬೇಕೆಂದು ತೋಚದೆ ಅವರ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದ.

ಅಣ್ಣನಿಗೆ ಸೈಕಲ್ ರಿಪೇರಿ ಅಂಗಡಿಯಿದೆ. ಮಾತು ಕಮ್ಮಿ, ಮುಲಾಮು ಜಾಸ್ತಿ. ತಲೆನೋವಿಗೂ ಅದೇ, ಮಂಡಿನೋವಿಗೂ ಅದೇ, ಮನಸ್ಸು ಸರಿಯಿಲ್ಲ ಎಂದರೂ ಅದೇ ಹಸಿರು ಸೀಸೆ. ಮೈದಾನದ ಹತ್ತಿರ ಅದನ್ನು ತರಕೂಡದೆಂದು ಅತ್ತಿಗೆ ಕಟ್ಟಪ್ಪಣೆ ಮಾಡಿದ್ದಾರೆ. ಹೊಸದಾಗಿ ಪೆಟ್ಟಾದ ಜಾಗಕ್ಕೆ ಬಿಸಿ ತಾಕಿಸಬಾರದು, ತಿಕ್ಕಬಾರದು, ತಿಕ್ಕಿದರೆ ಒಳಗೆ ರಕ್ತ ಇನ್ನಷ್ಟು ಸೋರಿ ಊತ ಏರುತ್ತದೆ, ಇದು ಅವರ ಮೊದಲ ಪಾಠ.

ಎರಡನೆಯ ಪಾಠ ತಲೆಯದು. ತಲೆಗೆ ಪೆಟ್ಟು ಬಿದ್ದು ಕಣ್ಣು ಮಂಕಾದವಳು, ಕೇಳಿದ್ದನ್ನೇ ಕೇಳುವವಳು ಆ ದಿನ ಮತ್ತೆ ಆಡುವಂತಿಲ್ಲ, ನೇರ ಡಾಕ್ಟರ ಹತ್ತಿರ. ಆಟದ ಹುಚ್ಚು ಹಿಡಿದ ಹುಡುಗಿಯರು ಇದನ್ನು ಕೇಳಬೇಕಲ್ಲ? ಅದಕ್ಕೆ ಅತ್ತಿಗೆ ವಾದ ಮಾಡುವುದಿಲ್ಲ. ಹುಡುಗಿಯನ್ನು ಕೂರಿಸಿ, ನೀರು ಕುಡಿಸುವ ನೆಪದಲ್ಲಿ ಒಂದು ಬೂಟು ಬಿಚ್ಚಿ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿಬಿಡುತ್ತಾರೆ. ಒಂಟಿ ಬೂಟಿನಲ್ಲಿ ಎಲ್ಲಿಗೆ ಹೋಗುತ್ತಾಳೆ?

ಅವರ ಕೈಗುಣ ಹೇಗೆಂದು ನಾನು ಹತ್ತಿರದಿಂದ ಕಂಡದ್ದು ಕ್ಯಾಪ್ಟನ್ ಬಿದ್ದ ದಿನ. ಜರ್ಸಿ ಕೊಡಲು ಹೋಗಿದ್ದೆ. ಕ್ಯಾಪ್ಟನ್ ಎಂದರೆ ಉದ್ದ ಕಾಲಿನ, ಗತ್ತಿನ ಹುಡುಗಿ, ನಗುವುದೂ ಅಪರೂಪ. ತಲೆಯಿಂದ ಚೆಂಡು ಹೊಡೆಯಲು ಹಾರಿದವಳು ಇನ್ನೊಬ್ಬಳ ಬೂಟಿನ ಮೇಲೆ ಕಾಲಿಟ್ಟಳು, ಪಾದ ಒಳಕ್ಕೆ ಮಡಚಿಕೊಂಡಿತು. ಎಲ್ಲರೂ ಮುತ್ತಿಕೊಂಡರು. ಒಬ್ಬಳು ಕಾಲು ಎಳೀರಿ ಅಂದಳು, ಇನ್ನೊಬ್ಬಳು ಎತ್ತಿ ನಿಲ್ಲಿಸಿ ಅಂದಳು.

"ಯಾರೂ ಮುಟ್ಬೇಡಿ" ಎಂದು ಅತ್ತಿಗೆ ಮಂಡಿಯೂರಿ ಕೂತು, ನೆಟ್ಟಗಿದ್ದ ಕಾಲಿನ ಬೂಟು ಬಿಚ್ಚತೊಡಗಿದರು.

"ಅಕ್ಕ, ಅದಲ್ಲ, ಈ ಕಾಲು" ಎಂದಳು ಕ್ಯಾಪ್ಟನ್ ಹಲ್ಲು ಕಚ್ಚಿಕೊಂಡು.

"ಗೊತ್ತಮ್ಮ. ಮೊದಲು ಒಳ್ಳೆ ಕಾಲು."

"ಯಾಕೆ?"

"ನಿನ್ನ ಕಾಲು ಸರಿಯಾಗಿದ್ರೆ ಹೇಗಿರುತ್ತೆ ಅಂತ ನಿನ್ನ ಇನ್ನೊಂದು ಕಾಲೇ ಅಲ್ವಾ ಹೇಳ್ಬೇಕು? ಪಕ್ಕದ ಮನೆಯೋಳ ಕಾಲು ಹೇಳುತ್ತಾ?"

ಒಳ್ಳೆ ಕಾಲಿನ ಬೆರಳಿಂದ ಹಿಡಿದು ಹಿಮ್ಮಡಿಯ ಮೇಲಿನವರೆಗೆ ಮೂಳೆ ಮೂಳೆಯನ್ನೂ ಒತ್ತಿ ನೋಡಿದರು. ಆಮೇಲೆ ನೋವಿನ ಕಾಲಿನ ಬೂಟನ್ನು ಲೇಸು ಪೂರ್ತಿ ಸಡಿಲಿಸಿ ಮೆಲ್ಲಗೆ ಜಾರಿಸಿ, ಅದೇ ಜಾಗಗಳನ್ನು ಅದೇ ಕ್ರಮದಲ್ಲಿ ಒತ್ತಿದರು. ಒತ್ತುವಾಗ ಅವರ ಕಣ್ಣು ಕಾಲಿನ ಮೇಲಿರಲಿಲ್ಲ, ಹುಡುಗಿಯ ಮುಖದ ಮೇಲಿತ್ತು. "ಬಾಯಿ ಇಲ್ಲ ಅನ್ನುತ್ತೆ, ಹುಬ್ಬು ಒಪ್ಪಲ್ಲ" ಎಂದು ಆಮೇಲೆ ನನಗೆ ವಿವರಿಸಿದರು. ಮೂಳೆಯ ಅಂಚಿನಲ್ಲಿ ನೋವಿರಲಿಲ್ಲ. ಅದರ ಮುಂದಿನ ಮೆತ್ತನೆಯ ಜಾಗದಲ್ಲಿ ಮುಟ್ಟಿದರೆ ಸಾಕು, ಹುಬ್ಬು ಗಂಟಿಕ್ಕುತ್ತಿತ್ತು. ಭುಜ ಹಿಡಿದು ನಿಲ್ಲಿಸಿದಾಗ ಕುಂಟುತ್ತಲೇ ನಾಲ್ಕು ಹೆಜ್ಜೆ ಇಟ್ಟಳು.

"ಮೂಳೆ ಗಟ್ಟಿಯಾಗಿರೋ ಹಾಗಿದೆ. ಅದನ್ನ ಹಿಡಿದಿಡೋ ನಾರು ಜಗ್ಗಿದೆ. ನಾಳೆ ಕಾಲೂರೋಕೆ ಆಗದಿದ್ರೆ ಎಕ್ಸ್‌ರೇ ತೆಗೆಸೋಣ" ಎಂದು ಹೇಳಿ, ಐಸು ಸುತ್ತಲು ಬಟ್ಟೆ ಕಾಣದೆ, ನಾನು ಆಗಷ್ಟೇ ತಂದಿದ್ದ ಹೊಸ ಜರ್ಸಿಯನ್ನು ನನ್ನ ಕೈಯಿಂದ ಕಿತ್ತುಕೊಂಡರು. ನಾನು ಇಡೀ ಸಂಜೆ ಕೂತು ಹೊಲಿದ ಒಂಬತ್ತನೇ ನಂಬರು ಆ ಕಾಲಿನ ಮೇಲೆ ಒದ್ದೆಯಾಗುತ್ತಾ ಕೂತಿತು. ಸ್ವಲ್ಪ ಹೊತ್ತಿನ ಮೇಲೆ ಐಸು ತೆಗೆದು, ಬೆರಳುಗಳ ಕಡೆಯಿಂದ ಮೇಲಕ್ಕೆ ಬ್ಯಾಂಡೇಜು ಸುತ್ತಿ, ಕಾಲನ್ನು ಚೀಲದ ಮೇಲೆ ಎತ್ತರಕ್ಕಿಟ್ಟರು. ಕೊನೆಗೆ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಟ್ಟರು.

"ನೋಡಿಲ್ಲಿ" ಎಂದರು ನನಗೆ. "ಒತ್ತಿದ್ರೆ ಉಗುರು ಬೆಳ್ಳಗಾಗುತ್ತೆ. ಬಿಟ್ಟ ತಕ್ಷಣ ಕೆಂಪಾಗ್ಬೇಕು. ತಡ ಆದ್ರೆ ಪಟ್ಟಿ ಬಿಗಿಯಾಯ್ತು ಅಂತ."

ಮನೆಗೆ ಬಂದು ನಾನು ನನ್ನ ಉಗುರುಗಳನ್ನೆಲ್ಲ ಒತ್ತಿ ನೋಡಿಕೊಂಡೆ. ಬಟ್ಟೆಯನ್ನು ಸೂಜಿಯ ಕೆಳಗೆ ಒತ್ತಿ ಹಿಡಿದಾಗಲೂ ಹೆಬ್ಬೆರಳ ಉಗುರು ಬಿಳಿಚಿಕೊಳ್ಳುತ್ತದೆ. ಇಷ್ಟು ವರ್ಷ ಹೊಲಿದರೂ ನಾನು ಅದನ್ನು ಗಮನಿಸಿರಲಿಲ್ಲ.

ಕ್ಯಾಪ್ಟನ್ ಕಾಲು ವಾಸಿಯಾಗುವವರೆಗೆ ಅತ್ತಿಗೆ ಅವಳ ಬೆನ್ನು ಬಿಡಲಿಲ್ಲ. ಮೊದಲು ಕೂತಲ್ಲೇ ಪಾದ ಆಡಿಸುವುದು, ಆಮೇಲೆ ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಆಮೇಲೆ ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುವುದು. "ನೋವು ಹೋಯ್ತಲ್ಲ ಅಕ್ಕ, ಓಡ್ತೀನಿ" ಎಂದು ಅವಳು ಗೋಗರೆದರೆ, "ನೋವು ಹೋಗಿದೆ, ಕಾಲಿಗೆ ಇನ್ನೂ ಧೈರ್ಯ ಬಂದಿಲ್ಲ" ಎನ್ನುತ್ತಿದ್ದರು. ಅವಳು ಮತ್ತೆ ಆಡಲು ಇಳಿದಾಗ ಪ್ರತಿ ಸಲವೂ ಅತ್ತಿಗೆಯೇ ಟೇಪು ಸುತ್ತಬೇಕು. ಬೇರೆ ಯಾರು ಸುತ್ತಿದರೂ ಅವಳಿಗೆ ಸಮಾಧಾನವಿಲ್ಲ.

ದೊಡ್ಡ ಪಂದ್ಯಕ್ಕೆ ಇನ್ನೂ ಒಂದು ತಿಂಗಳಿದ್ದಾಗ ಅತ್ತಿಗೆ ಬಿದ್ದರು. ಗೋಲ್‌ಕೀಪರ್ ಹುಡುಗಿ ಬೆರಳು ಹಿಡಿದುಕೊಂಡು ಕೂಗಿದ್ದಕ್ಕೆ ಡಬ್ಬಿ ಸಮೇತ ಓಡಿದವರು, ಗೆರೆಯ ಪಕ್ಕದ ಸಿಮೆಂಟು ಕಟ್ಟೆಯ ಮೇಲೆ ಜಾರಿ, ಬಲ ಅಂಗೈ ಊರಿ ಬಿದ್ದರು. ಡಬ್ಬಿ ಉರುಳಿ ಪೆಪ್ಪರಮೆಂಟೆಲ್ಲ ಹುಲ್ಲಿನಲ್ಲಿ ಚೆಲ್ಲಿತು. ಅತ್ತಿಗೆ ಕೂತಲ್ಲೇ ನಕ್ಕರು, ಅವರು ನಕ್ಕರೆಂದು ಹುಡುಗಿಯರೂ ನಕ್ಕು ಪೆಪ್ಪರಮೆಂಟು ಆರಿಸಿ ತಿಂದರು. ಇದೆಲ್ಲ ನನಗೆ ಗೊತ್ತಾದದ್ದು ಅತ್ತಿಗೆಯ ಬಾಯಿಂದಲೇ. ತಮಾಷೆಯ ಕಥೆಯ ಹಾಗೆ ಹೇಳಿದರು, ನಾನೂ ಅಣ್ಣನೂ ಹೊಟ್ಟೆ ಹಿಡಿದು ನಕ್ಕೆವು.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಬಟ್ಟೆ ಹಿಂಡುವುದಕ್ಕೆ ನನ್ನನ್ನು ಕರೆಯುತ್ತಿದ್ದರು. ಸೌಟು ಎಡಗೈಗೆ ಬಂದಿತ್ತು. ಡಬ್ಬಿಯ ಮುಚ್ಚಳದ ಅಂಚನ್ನು ಅಣ್ಣನ ಕೈಲಿ ಬಡಿಸಿ ಸಡಿಲ ಮಾಡಿಸಿಕೊಂಡಿದ್ದರು. ಸೆಕೆಗಾಲದಲ್ಲಿ ತುಂಬುತೋಳಿನ ರವಿಕೆ ಹೊಲಿದುಕೊಡು ಎಂದರು, ಹೊಲಿದುಕೊಟ್ಟೆ. ನನಗೆ ಅನುಮಾನ ಗಟ್ಟಿಯಾದದ್ದು ಮಾತ್ರ ಒಂದು ಸಂಜೆ ಅಡುಗೆಮನೆಗೆ ಹೋದಾಗ. ಅಣ್ಣ ಹಸಿರು ಸೀಸೆ ತೆರೆದಿಟ್ಟುಕೊಂಡು ಅತ್ತಿಗೆಯ ಮಣಿಕಟ್ಟಿಗೆ ಮುಲಾಮು ತಿಕ್ಕುತ್ತಿದ್ದ. ಅವರು ಕಣ್ಣು ಮುಚ್ಚಿ ತಿಕ್ಕಿಸಿಕೊಳ್ಳುತ್ತಿದ್ದರು. ಮದುವೆಯಾದಾಗಿನಿಂದ ಅಣ್ಣನ ಮುಲಾಮನ್ನು ಹತ್ತಿರ ಸೇರಿಸದ ಹೆಂಗಸು. ಅಣ್ಣನ ಮುಖದಲ್ಲಿ ಏನು ಸಂತೋಷ, ಕಡೆಗೂ ತಾನೂ ಕೆಲಸಕ್ಕೆ ಬಂದೆ ಎಂದು.

ಅವನು ಆಚೆ ಹೋಗುವುದನ್ನೇ ಕಾದು ಕೇಳಿದೆ.

"ಅತ್ತಿಗೆ, ಕೈಗೆ ಏನಾಗಿದೆ?"

"ಸ್ವಲ್ಪ ಉಳುಕಿದೆ. ನಾನೇ ನೋಡ್ಕೊಂಡಿದ್ದೀನಿ ಬಿಡು, ಎರಡೂ ಕೈ ಒಂದೇ ಥರ ಇದೆ."

"ಎಲ್ಲಿ, ತೋರ್ಸಿ."

ತೋರಿಸಿದರು. ಮೊದಲು ಒಳ್ಳೆ ಕೈ, ಅವರ ಕ್ರಮ ತಪ್ಪಲಿಲ್ಲ. ಬಲಗೈ ಬೆರಳಿನ ಗೆಣ್ಣಿನಿಂದ ಎಡ ಹೆಬ್ಬೆರಳ ಬುಡದ ಗುಳಿಯನ್ನು ಗುದ್ದಿದ ಹಾಗೆ ಒತ್ತಿ, "ನೋಡು, ಇಲ್ಲೂ ನೋಯುತ್ತೆ" ಎಂದರು. ಆಮೇಲೆ ಎಡ ಹೆಬ್ಬೆರಳನ್ನು ಬಲಗೈಯ ಗುಳಿಯ ಮೇಲಿಟ್ಟು, "ಇಲ್ಲೂ ಅಷ್ಟೇ. ಒಂದೇ ಥರ" ಎಂದರು.

ಒತ್ತುತ್ತಿದ್ದ ಆ ಎಡ ಹೆಬ್ಬೆರಳ ಉಗುರನ್ನು ನಾನು ನೋಡಿದೆ. ಅದು ಕೆಂಪಗೇ ಇತ್ತು. ಅವರು ಒತ್ತಿರಲೇ ಇಲ್ಲ, ಸುಮ್ಮನೆ ಇಟ್ಟಿದ್ದರು. ಬಹುಶಃ ತಮಗೇ ಗೊತ್ತಿಲ್ಲದೆ. ಒಂದು ಕೈಯಿಂದ ಇನ್ನೊಂದು ಕೈಯನ್ನು ಅಳೆಯುವಾಗ ಮೋಸ ಮಾಡುವವರೂ ಮೋಸ ಹೋಗುವವರೂ ಒಬ್ಬರೇ ತಾನೆ? ಆ ಗುಳಿ, ಆ ಬಣ್ಣದವನು, ತಟ್ಟೆಯ ಮುಂದೆ ಅತ್ತದ್ದು ಎಲ್ಲ ನನ್ನ ತಲೆಗೆ ಒಟ್ಟಿಗೆ ಬಂತು. ಊರಿಗೆಲ್ಲ ಕೇಳುವಂತೆ ಮಾತಾಡುವ ನಾನು ಆಗ ಅವರ ರವಿಕೆಯ ತೋಳನ್ನು ಮೆಲ್ಲಗೆ ಕೆಳಗಿಳಿಸಿದೆನಷ್ಟೆ. ಹೇಳಿದರೂ ನನ್ನ ಮಾತನ್ನು ಅವರು ಹಾರಿಸಿಬಿಡುತ್ತಾರೆಂದು ಗೊತ್ತಿತ್ತು. ಮರುದಿನ ಜರ್ಸಿಯ ಅಳತೆಯ ನೆಪ ಹೇಳಿ ಕ್ಯಾಪ್ಟನ್ ಮನೆಗೆ ಹೋದೆ.

ಅವಳು ಎಲ್ಲ ಕೇಳಿಸಿಕೊಂಡಳು. "ಟೇಪು ಹರಿಯೋಕೆ ಈಗೀಗ ಹಲ್ಲು ಉಪಯೋಗಿಸ್ತಾರೆ" ಎಂದಷ್ಟೇ ಹೇಳಿದಳು.

ಆ ಸಂಜೆ ಅಭ್ಯಾಸಕ್ಕೆ ಮೊದಲು ಬಟ್ಟೆ ಬದಲಿಸುವ ಕೋಣೆಯಲ್ಲಿ ನಾನೂ ಒಂದು ಮೂಲೆಯಲ್ಲಿ ಕೂತಿದ್ದೆ. ಕ್ಯಾಪ್ಟನ್ ಬೆಂಚಿನ ಮೇಲೆ ಕಾಲು ಚಾಚಿದಳು. ಅತ್ತಿಗೆ ಟೇಪಿನ ತುದಿ ಹಿಡಿದು ಎಳೆದರು, ಸುರುಳಿ ಕೈಯಿಂದ ಜಾರಿ ನೆಲದ ಮೇಲೆ ಉರುಳಿತು. ಎತ್ತಿಕೊಂಡು ಮತ್ತೆ ಹಿಡಿದರು. ಮತ್ತೆ ಜಾರಿತು. ಕ್ಯಾಪ್ಟನ್ ಕಾಲು ಹಿಂದಕ್ಕೆಳೆದುಕೊಂಡು ಬೆಂಚಿನಿಂದಿಳಿದು, ಅತ್ತಿಗೆಯ ಮುಂದೆ ಮಂಡಿಯೂರಿ ಕೂತಳು.

"ಅಕ್ಕ, ಮೊದಲು ಒಳ್ಳೆ ಕೈ ಕೊಡಿ."

ಬೂಟಿಗೆ ಲೇಸು ಪೋಣಿಸುತ್ತಿದ್ದವರೆಲ್ಲ ತಲೆಯೆತ್ತಿದರು. ಅತ್ತಿಗೆ ನನ್ನ ಕಡೆ ತಿರುಗಿ ಒಮ್ಮೆ ಕಣ್ಣು ಬಿಟ್ಟರು. ನಾನು ಗೋಡೆ ನೋಡಿದೆ.

"ಏನ್ ಹುಡುಗಾಟ ಇದು? ಹೊತ್ತಾಗುತ್ತೆ, ಕಾಲು ಕೊಡು."

"ನೀವು ಕೈ ಕೊಡೋವರೆಗೂ ನಾನು ಕಾಲು ಕೊಡಲ್ಲ."

ಅತ್ತಿಗೆ ಎಡಗೈ ಚಾಚಿದರು. ಕ್ಯಾಪ್ಟನ್ ಗುಳಿ ಹುಡುಕಿ ಒತ್ತಿದಳು, ಕಣ್ಣು ಅವರ ಮುಖದ ಮೇಲೆ. ನೋವಾ ಎಂದು ಕೇಳಿದಳು, ಇಲ್ಲ ಎಂದರು. ಆಮೇಲೆ ತುಂಬುತೋಳನ್ನು ಮಡಚಿ ಬಲಗೈಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡು ಅದೇ ಜಾಗವನ್ನು ಅಷ್ಟೇ ಒತ್ತಿದಳು.

ಅತ್ತಿಗೆ ಬಾಯಿ ತೆರೆದರು, ಇಲ್ಲ ಅನ್ನುವುದಕ್ಕೇ ಇರಬೇಕು. ಹುಬ್ಬು ಒಪ್ಪಲಿಲ್ಲ.

"ನೋವಾಗ್ತಿದೆ ಮಗಳೇ" ಎಂದರು. "ತುಂಬಾ ನೋವಾಗ್ತಿದೆ."

ಅವರ ಬಾಯಲ್ಲಿ ಆ ಮಾತನ್ನು ನಾನು ಯಾವತ್ತೂ ಕೇಳಿರಲಿಲ್ಲ. ಕ್ಯಾಪ್ಟನ್ ಕೈ ಬಿಡಲಿಲ್ಲ. ಗೋಲ್‌ಕೀಪರ್ ಹುಡುಗಿ ಡಬ್ಬಿಯಿಂದ ಒಂದು ಪೆಪ್ಪರಮೆಂಟು ತಂದು ಅತ್ತಿಗೆಯ ಬಾಯಿಗಿಟ್ಟಳು. ಅದನ್ನು ಚೀಪುತ್ತಾ, ಅಳುತ್ತಾ ಅವರು ಹೇಳಿದ್ದಿಷ್ಟು: "ಬಿದ್ದ ದಿನವೇ ಅನುಮಾನ ಬಂತು. ತೋರಿಸಿದ್ರೆ ಹೌದು, ಮುರಿದಿದೆ ಅಂತಾರಲ್ಲ. ತೋರಿಸದೇ ಇದ್ರೆ ಇಲ್ಲ ಅಂತ ಅಂದ್ಕೊಂಡು ಇರಬಹುದಲ್ಲ, ಅಷ್ಟು ದಿನ. ಈ ಕೈ ಹೋದ್ರೆ ನಾನೇನು ಮಾಡ್ಲಿ?"

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆ ಗೋಡಂಬಿಯ ನಡುವೆ ಕೂದಲೆಳೆಯಂಥ ಗೆರೆ. "ಮೊದಲ ದಿನ ತೆಗೆದಿದ್ರೆ ಇದು ಕಾಣದೇ ಇರಬಹುದಿತ್ತು. ಆದ್ರೂ ನೀವು ಬರಬೇಕಿತ್ತು" ಎಂದರು. ಪಕ್ಕದ ಕೋಣೆಯಲ್ಲೇ ದಿನಾ ಬೆಳಿಗ್ಗೆ ಇರುವವರಿಗೆ ಅದನ್ನು ಹೇಳಬೇಕಾಗಿ ಬಂದದ್ದು ಅವರಿಗೂ ಸಂಕಟವೇ. "ತಡ ಆಗಿದೆ, ಆದ್ರೆ ಕೈ ಮೀರಿಲ್ಲ. ಪ್ಲಾಸ್ಟರ್‌ನಲ್ಲಿ ಕೂಡುತ್ತಾ ನೋಡೋಣ. ಕೂಡದಿದ್ರೆ ಆಪರೇಷನ್ ಮಾಡಿ ಸ್ಕ್ರೂ ಹಾಕ್ಬೇಕು." ಪಟ್ಟಿಯನ್ನು ಅವರೇ ಸುತ್ತಿದರು. ಅತ್ತಿಗೆ ಎಡಗೈಯಿಂದ ಒದ್ದೆ ಪಟ್ಟಿಗಳನ್ನು ಒಂದೊಂದಾಗಿ ಎತ್ತಿಕೊಟ್ಟರು.

ಪ್ಲಾಸ್ಟರ್ ಬಿದ್ದ ಕೈ ಮನೆಯನ್ನೇ ಅದಲುಬದಲು ಮಾಡಿತು. ಅಣ್ಣ ಹೆಂಡತಿಯ ಜಡೆ ಹೆಣೆಯಲು ಕಲಿತ. ಅವನು ಹೆಣೆದ ಜಡೆ ಸೈಕಲ್ಲಿನ ಚೈನಿನಷ್ಟು ಬಿಗಿ, ಅತ್ತಿಗೆಗೆ ಹುಬ್ಬು ಮೇಲಕ್ಕೆ ಎಳೆದುಕೊಂಡು ದಿನವಿಡೀ ಆಶ್ಚರ್ಯಪಟ್ಟವರ ಮುಖ. ಹಸಿರು ಸೀಸೆಯನ್ನು ಅವನೇ ಕಪಾಟಿನ ಮೇಲೆ ಎತ್ತಿಟ್ಟ. ತಾನು ತಿಕ್ಕಿದ್ದರಿಂದಲೇ ಹೀಗಾಯಿತೇನೋ ಎಂದು ಒಳಗೊಳಗೇ ಕೊರಗುತ್ತಿದ್ದ. "ತಿಕ್ಕಿದ್ದಕ್ಕೆ ಮೂಳೆ ಮುರಿಯಲ್ಲ ರೀ. ನೀವು ಹಚ್ಚುವಾಗ ನಂಗೆ ಹಿತ ಆಗ್ತಿತ್ತು" ಎಂದು ಅತ್ತಿಗೆ ಹೇಳಿದಾಗ ಅವನು ಎದ್ದು ಹಿತ್ತಲಿಗೆ ಹೋದ. ಕಣ್ಣೊರೆಸಿಕೊಳ್ಳಲು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ದೊಡ್ಡ ಪಂದ್ಯದ ದಿನ ಕ್ಯಾಪ್ಟನ್ ಕಾಲಿಗೆ ಟೇಪು ಸುತ್ತಿದವಳು ನಾನು. ಅತ್ತಿಗೆ ಬಾಯಲ್ಲಿ ಹೇಳಿದರು, ನನ್ನ ಕೈ ಮಾಡಿತು. ಸುಕ್ಕು ಬರದಂತೆ ಬಟ್ಟೆಯ ಅಂಚು ಮಡಿಸುವುದು ನನಗೆ ಬರುತ್ತದೆ, ಇದೂ ಹೆಚ್ಚುಕಡಿಮೆ ಹಾಗೇ. "ಪರವಾಗಿಲ್ಲ" ಎಂದಳು ಕ್ಯಾಪ್ಟನ್, ಅವಳ ಬಾಯಿಂದ ಅದು ದೊಡ್ಡ ಮಾತು. ಆಟಕ್ಕಿಳಿಯುವ ಮುನ್ನ ಅವಳು ಅತ್ತಿಗೆಯ ಕಾಲಿನಿಂದ ಒಂದು ಚಪ್ಪಲಿ ತೆಗೆದು ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿಹೋದಳು. ಆಟದ ನಡುವೆ ಯಾರೋ ಬಿದ್ದಾಗ ಅತ್ತಿಗೆ ಗಡಬಡಿಸಿ ಎದ್ದರು, ಒಂಟಿ ಚಪ್ಪಲಿ ನೋಡಿಕೊಂಡು ಮತ್ತೆ ಕೂತರು. ಡಬ್ಬಿ ಹೊತ್ತು ಓಡಿದ್ದು ನಾನು. ಬೆಂಚಿನಿಂದ ಅವರ ದನಿ ಬೆನ್ನಟ್ಟಿ ಬಂತು, ಮೊದಲು ಒಳ್ಳೆ ಕಾಲು ಕಣೇ ಎಂದು. ಪಂದ್ಯ ಸೋತೆವು. ಯಾರಿಗೂ ಪೆಟ್ಟಾಗಲಿಲ್ಲವೆಂದು ಅತ್ತಿಗೆ ಗೆದ್ದವರ ಹಾಗೆ ಮನೆಗೆ ಬಂದರು.

ಆದರೆ ಅವರಿಗೆ ನಿದ್ದೆ ಸರಿಯಿರಲಿಲ್ಲ. ಪ್ಲಾಸ್ಟರಿನಿಂದ ಹೊರಗಿದ್ದ ಬೆರಳ ತುದಿಗಳನ್ನು ಆಡಿಸುತ್ತಾ ಕಿಟಕಿಯ ಬಳಿ ಕೂತಿರುತ್ತಿದ್ದರು. ಏನು ಯೋಚಿಸುತ್ತಿದ್ದಾರೆಂದು ನಾನು ಕೇಳುತ್ತಿರಲಿಲ್ಲ, ಪಕ್ಕದಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದೆ. ನಡುವೆ ತೆಗೆದ ಎಕ್ಸ್‌ರೇಯಲ್ಲಿ ಗೆರೆ ಹಾಗೇ ಇತ್ತು. ಡಾಕ್ಟರು ಮತ್ತೆ ಪ್ಲಾಸ್ಟರ್ ಹಾಕಿ, ಕಾಯೋಣ ಎಂದರು. ಕಾದೆವು.

ಎರಡನೆಯ ಪ್ಲಾಸ್ಟರ್ ಒಡೆದ ದಿನ ನಾನೇ ಜೊತೆಗೆ ಹೋಗಿದ್ದೆ. ಒಳಗಿನಿಂದ ಬಂದ ಕೈ ಸೊರಗಿ, ಚರ್ಮ ಹೊಟ್ಟೆದ್ದು, ಯಾರದೋ ಕೈಯ ಹಾಗಿತ್ತು. ಎಕ್ಸ್‌ರೇ ನೋಡಿ ಡಾಕ್ಟರು, "ಕೂಡಿದ ಹಾಗೆ ಕಾಣ್ತಿದೆ. ಒತ್ತಿ ನೋಡಿದ್ರೆ ಗೊತ್ತಾಗುತ್ತೆ" ಎಂದು ಕುರ್ಚಿ ಹತ್ತಿರಕ್ಕೆಳೆದರು.

"ನೀವು ಆಮೇಲೆ ನೋಡಿ ಡಾಕ್ಟ್ರೇ. ಮೊದಲು ಇವಳು ಒತ್ತಲಿ" ಎಂದರು ಅತ್ತಿಗೆ.

ಡಾಕ್ಟರು ನಕ್ಕು ಪಕ್ಕಕ್ಕೆ ಸರಿದರು. ನಾನು ಅತ್ತಿಗೆಯ ಎದುರು ಕೂತು ಮೊದಲು ಎಡಗೈ ತೆಗೆದುಕೊಂಡೆ. ಗುಳಿ ಹುಡುಕಿ ಒತ್ತಿದೆ, ಮುಖ ನೋಡಿದೆ, ಹುಬ್ಬು ಅಲುಗಲಿಲ್ಲ. ಆಮೇಲೆ ಆ ಸೊರಗಿದ ಬಲಗೈಯನ್ನು ಹಿಡಿದು ಹೆಬ್ಬೆರಳಿಟ್ಟೆ.

"ನೋವಾ ಅತ್ತಿಗೆ?"

ಅವರು ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಹೆಬ್ಬೆರಳನ್ನು ನೋಡುತ್ತಿದ್ದರು.

"ಉಗುರು ಇನ್ನೂ ಕೆಂಪಗೇ ಇದೆಯಲ್ಲ" ಎಂದರು ಮೆಲ್ಲಗೆ. "ಅವತ್ತು ನನ್ನದನ್ನ ನೀನು ನೋಡಿದ್ದು ನಂಗೊತ್ತು ಕಣೇ. ಹೆದರಬೇಡ, ಒತ್ತು."

ಕಣ್ಣು ಮಂಜಾಗಿ ನನಗೆ ಉಗುರು ಕಾಣದಾಯಿತು. ಒತ್ತಿದೆ. ಅದು ಬೆಳ್ಳಗಾಗಿರಬೇಕು, ಯಾಕೆಂದರೆ ಅತ್ತಿಗೆ ಆಗ ತಲೆಯೆತ್ತಿ, ನಾನು ಹುಬ್ಬನ್ನು ಚೆನ್ನಾಗಿ ನೋಡಲಿ ಎಂದು ಮುಖವನ್ನು ನನ್ನ ಹತ್ತಿರಕ್ಕೆ ತಂದರು.